ಮೆದುಳಲ್ಲಿ ಕಬ್ಬಿಣ ಇದೆ ಅಂತ ಐರನ್ ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 67 ವರ್ಷ. ಮೂರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ದಿನಕ್ಕೆ ಮೂರು ಸಲ ಸಿಂಡೋಪಾ ಕೊಡುತ್ತಿದ್ದೇವೆ, ಚೆನ್ನಾಗಿಯೇ ಇದ್ದರು. ಎರಡು ತಿಂಗಳ ಹಿಂದೆ ತುಂಬಾ ಸುಸ್ತು ಅಂದರು. ನೋಡಿಸಿದರೆ ಎಚ್‌ಬಿ 9.2 ಇತ್ತು. ಐರನ್ ಮಾತ್ರೆ ಬರೆದುಕೊಟ್ಟರು. ಅದು ಶುರುವಾದ ಮೇಲೆ ನಡುಕ, ಬಿಗಿತ ಎರಡೂ ಜಾಸ್ತಿ ಆಗಿವೆ. ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದೆವು. ಮೆದುಳಿನಲ್ಲಿ ಕಬ್ಬಿಣ ಸೇರಿಕೊಂಡಿದೆ ಅಂತ ವರದಿ ಬಂದಿದೆ. ಮಾತ್ರೆಯ ಕಬ್ಬಿಣವೇ ತಲೆಗೆ ಹೋಗಿದೆಯಾ? ನಿಲ್ಲಿಸಿಬಿಡೋಣವಾ? ಅಮ್ಮ ಹೆದರಿಕೊಂಡು ಕಬ್ಬಿಣದ ಬಾಣಲೆ ಅಟ್ಟಕ್ಕೆ ಹಾಕಿದ್ದಾರೆ, ಸೊಪ್ಪಿನ ಸಾರು ನಿಲ್ಲಿಸಿದ್ದಾರೆ. ಮೈಯಿಂದ ಕಬ್ಬಿಣ ತೆಗೆಯುವ ಮಾತ್ರೆ ಇದೆಯಂತೆ, ಅದನ್ನು ಕೊಡಬಹುದಾ? ಅಪ್ಪ ಹಿಂದೆ ಅದಿರಿನ ಗಣಿಯಲ್ಲಿ ಏಳೆಂಟು ವರ್ಷ ದುಡಿದಿದ್ದಾರೆ. ಅದರಿಂದ ಬಂತಾ? ನಮಗೂ ಬರುತ್ತಾ?

ಉತ್ತರ: ಮೊದಲು ನಿಮ್ಮ ಪತ್ರದ ಒಂದು ಸಾಲು ಹಿಡಿದುಕೊಳ್ಳುತ್ತೇನೆ. ಐರನ್ ಮಾತ್ರೆ ಶುರುವಾದ ಮೇಲೆ ನಡುಕ ಜಾಸ್ತಿ ಆಯಿತು ಅಂದಿದ್ದೀರಿ. ಇದನ್ನು ನಾನು ಪೂರ್ತಿ ನಂಬುತ್ತೇನೆ. ಮನೆಯವರು ಕಣ್ಣಾರೆ ಕಂಡಿದ್ದನ್ನು ಡಾಕ್ಟರುಗಳು ತಳ್ಳಿಹಾಕಬಾರದು. ಆದರೆ ಅದಕ್ಕೆ ನೀವು ಕೊಟ್ಟ ಕಾರಣ ಬೇರೆ, ನಿಜವಾದ ಕಾರಣ ಬೇರೆ ಇರುವ ಹಾಗೆ ಕಾಣುತ್ತದೆ. ಆ ಮಾತ್ರೆಯ ಕಬ್ಬಿಣ ಎರಡು ತಿಂಗಳಲ್ಲಿ ಮೆದುಳಿಗೆ ಹೋಗಿ ಕೂತಿಲ್ಲ. ಹೊಟ್ಟೆಯಲ್ಲೇ ಸಿಂಡೋಪಾವನ್ನು ಹಿಡಿದು ಹಾಕಿದೆ.

ಸಿಂಡೋಪಾದಲ್ಲಿ ಇರುವುದು ಲಿವೋಡೋಪಾ ಮತ್ತು ಕಾರ್ಬಿಡೋಪಾ. ಇವೆರಡೂ ಕಬ್ಬಿಣಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತವೆ. ಐರನ್ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಿದರೆ ಕರುಳಿನಲ್ಲಿ ಎರಡೂ ಗಂಟು ಹಾಕಿಕೊಳ್ಳುತ್ತವೆ. ಗಂಟು ಬಿದ್ದ ಔಷಧಿ ರಕ್ತಕ್ಕೆ ಹೋಗುವುದಿಲ್ಲ, ಮಲದಲ್ಲಿ ಹೋಗುತ್ತದೆ. ಅಂದರೆ ನಿಮ್ಮ ತಂದೆಯವರು ದಿನಕ್ಕೆ ಮೂರು ಮಾತ್ರೆ ನುಂಗುತ್ತಿದ್ದರೂ ಮೈಗೆ ಸಿಗುತ್ತಿರುವುದು ಕಡಿಮೆ. ಅದಕ್ಕೇ ನಡುಕ, ಬಿಗಿತ ಎರಡೂ ಮೇಲೆದ್ದಿವೆ.

ಇದು ನಮ್ಮ ಕಡೆ ಎಷ್ಟು ಸಲೀಸಾಗಿ ಆಗುತ್ತದೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ. ಜಗಳೂರು ಕಡೆಯ ಒಬ್ಬ ಹಿರಿಯರನ್ನು ಅವರ ಸೊಸೆ ಕರೆದುಕೊಂಡು ಬಂದಿದ್ದರು. ಅಚ್ಚುಕಟ್ಟಾದ ಹೆಣ್ಣುಮಗಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಖಾನೆ. ಬೆಳಗಿನ ಖಾನೆ ತೆರೆದು ತೋರಿಸಿದರು. ಹಳದಿ ಸಿಂಡೋಪಾ, ಬಿಪಿ ಮಾತ್ರೆ, ಕ್ಯಾಲ್ಸಿಯಂ, ಜೊತೆಗೆ ಕೆಂಪು ಐರನ್ ಮಾತ್ರೆ. ತಿಂಡಿ ಆದ ಮೇಲೆ ಎಲ್ಲವನ್ನೂ ಒಂದೇ ಗುಟುಕಿಗೆ ಕೊಡುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿ ಇರುತ್ತಾರೆ, ಬೆಳಿಗ್ಗೆ ಮಾತ್ರ ಎದ್ದು ನಿಲ್ಲೋಕಾಗಲ್ಲ ಅಂದರು. ಕೆಂಪು ಮಾತ್ರೆಯನ್ನು ಮಲಗುವ ಹೊತ್ತಿಗೆ ಸರಿಸಿದೆವು. ಸಿಂಡೋಪಾ ಒಂದು ಚೂರೂ ಹೆಚ್ಚಿಸಲಿಲ್ಲ. ಬೆಳಗಿನ ನಡಿಗೆ ವಾಪಸ್ ಬಂತು.

ನೀವೂ ಇವತ್ತೇ ಇದನ್ನು ಮಾಡಿ. ಸಿಂಡೋಪಾಗೂ ಐರನ್‌ಗೂ ನಡುವೆ ಕಡಿಮೆ ಅಂದರೂ ಎರಡು ಗಂಟೆ ಅಂತರ ಇರಲಿ. ರಾತ್ರಿಯ ಸಿಂಡೋಪಾ ಏಳಕ್ಕೆ ಆದರೆ ಐರನ್ ಹತ್ತಕ್ಕೆ ಕೊಡಿ. ಮನೆಯಲ್ಲಿ ಶಕ್ತಿಗೆ ಅಂತ ಯಾವುದಾದರೂ ಟಾನಿಕ್, ವಿಟಮಿನ್ ಮಾತ್ರೆ ಕೊಡುತ್ತಿದ್ದರೆ ಅದರ ಚೀಟಿಯನ್ನೂ ಓದಿ. ಬಹಳಷ್ಟರಲ್ಲಿ ಕಬ್ಬಿಣ ಇರುತ್ತದೆ, ಅದಕ್ಕೂ ಇದೇ ನಿಯಮ.

ಐರನ್ ಕೊಡುವ ಬಗ್ಗೆ ಇನ್ನೂ ಒಂದು ಮಾತು. ದಿನಾ ಎರಡು ಹೊತ್ತು ಕೊಟ್ಟರೆ ರಕ್ತ ಬೇಗ ಏರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದು ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನದವರೆಗೆ ಕರುಳು ಕಬ್ಬಿಣವನ್ನು ಕಡಿಮೆ ಎಳೆದುಕೊಳ್ಳುತ್ತದೆ. ಇದಕ್ಕೆ ಕಾರಣ ಹೆಪ್ಸಿಡಿನ್ ಅನ್ನುವ ಹಾರ್ಮೋನು, ಅದರ ಮಾತಿಗೆ ಈಗ ಬರುತ್ತೇನೆ. ಕಬ್ಬಿಣ ಕಡಿಮೆ ಇದ್ದ ಹೆಣ್ಣುಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಿನ ಬಿಟ್ಟು ದಿನ ಕೊಟ್ಟಾಗ ಅದೇ ಮಾತ್ರೆಯಿಂದ ಮೈಗೆ ಸೇರುವ ಪಾಲು ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಪಾರ್ಕಿನ್ಸನ್ ಇದ್ದವರಿಗೆ ಮಲಬದ್ಧತೆ ಮೊದಲೇ ಕಾಡುತ್ತಿರುತ್ತದೆ, ಐರನ್ ಅದನ್ನು ಇನ್ನಷ್ಟು ಮಾಡುತ್ತದೆ. ಹೀಗಾಗಿ ದಿನ ಬಿಟ್ಟು ದಿನ ಅನ್ನುವುದು ಇವರಿಗೆ ಎರಡು ರೀತಿಯಲ್ಲೂ ಒಳ್ಳೆಯದು. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಬದಲಾಯಿಸಿ. ಮಾತ್ರೆ ಜೊತೆ ನಿಂಬೆಹಣ್ಣಿನ ಪಾನಕ ಕೊಡಿ. ಟೀ, ಹಾಲು ಬೇಡ. ಮಲ ಕಪ್ಪಗೆ ಬಂದರೆ ಗಾಬರಿ ಆಗಬೇಡಿ, ಐರನ್‌ಗೆ ಹಾಗೇ ಆಗುತ್ತದೆ. ಡಾಂಬರಿನ ಹಾಗೆ ಅಂಟಂಟಾಗಿ ವಾಸನೆ ಬಂದರೆ ಮಾತ್ರ ತಡಮಾಡದೆ ತೋರಿಸಿ.

ಈಗ ಎಂಆರ್‌ಐ ವಿಷಯ. ಇದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ದೊಡ್ಡವರ ಮೈಯಲ್ಲಿ ಒಟ್ಟು ಮೂರರಿಂದ ನಾಲ್ಕು ಗ್ರಾಂ ಕಬ್ಬಿಣ ಇರುತ್ತದೆ, ಅಷ್ಟೇ. ಅದರಲ್ಲಿ ಮೂರನೇ ಎರಡು ಪಾಲು ರಕ್ತದ ಕೆಂಪು ಕಣಗಳಲ್ಲಿದೆ. ದಿನಾ ಊಟದಿಂದ ಒಳಗೆ ಸೇರುವುದು ಒಂದೆರಡು ಮಿಲಿಗ್ರಾಂ. ಆದರೆ ಹೊಸ ರಕ್ತ ಕಟ್ಟಲು ದಿನಕ್ಕೆ 20ರಿಂದ 25 ಮಿಲಿಗ್ರಾಂ ಬೇಕು. ಉಳಿದದ್ದು ಎಲ್ಲಿಂದ ಬರುತ್ತದೆ? ಕೆಂಪು ಕಣಗಳು 120 ದಿನ ಬದುಕಿ ಸಾಯುತ್ತವೆ. ಅವುಗಳೊಳಗಿನ ಕಬ್ಬಿಣವನ್ನೇ ಮೈ ಮತ್ತೆ ಮತ್ತೆ ಬಳಸುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕಲು ಮೈಗೆ ಯಾವ ದಾರಿಯೂ ಇಲ್ಲ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಕಬ್ಬಿಣ ಹಾಗೆ ಹೋಗುವುದಿಲ್ಲ. ಅದಕ್ಕೇ ಒಳಗೆ ಬಿಡುವ ಜಾಗದಲ್ಲೇ ಇಷ್ಟೊಂದು ಬಿಗಿ ಕಾವಲು.

ದಾವಣಗೆರೆಯ ಎಪಿಎಂಸಿ ಯಾರ್ಡ್ ನೆನಪಿಸಿಕೊಳ್ಳಿ. ಮೆಕ್ಕೆಜೋಳ ತರುವ ಲಾರಿ, ಇಳಿಸುವ ಗೋದಾಮು, ಗೇಟು, ಗೇಟಿನ ಕಾವಲುಗಾರ ಎಲ್ಲ ಇರುತ್ತಾರಲ್ಲ, ಇಲ್ಲೂ ಹಾಗೇ. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಲಾರಿ ಟ್ರಾನ್ಸ್‌ಫೆರಿನ್. ಒಂದು ಸಲಕ್ಕೆ ಎರಡೇ ಕಬ್ಬಿಣದ ಕಣ ಹೊರುತ್ತದೆ. ಜೀವಕೋಶದೊಳಗಿನ ಗೋದಾಮು ಫೆರಿಟಿನ್. ಒಂದು ಫೆರಿಟಿನ್‌ನಲ್ಲಿ ಸುಮಾರು 4,500 ಕಣ ಹಿಡಿಸುತ್ತವೆ. ಕಬ್ಬಿಣ ಕೋಶದಿಂದ ಹೊರಗೆ ಬರುವ ಗೇಟು ಫೆರೋಪೋರ್ಟಿನ್. ಆ ಗೇಟಿನ ಕಾವಲುಗಾರ ನಾನು ಆಗಲೇ ಹೇಳಿದ ಹೆಪ್ಸಿಡಿನ್. ಲಿವರ್‌ನಲ್ಲಿ ಹುಟ್ಟುವ, ಬರೀ 25 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. ಮೈಯಲ್ಲಿ ಕಬ್ಬಿಣ ಸಾಕಷ್ಟು ಇದ್ದರೆ ಹೆಪ್ಸಿಡಿನ್ ಏರುತ್ತದೆ, ಗೇಟು ಮುಚ್ಚುತ್ತದೆ. ಕರುಳಿನ ಕೋಶದವರೆಗೆ ಬಂದ ಕಬ್ಬಿಣ ರಕ್ತಕ್ಕೆ ಇಳಿಯದೆ ಅಲ್ಲೇ ನಿಲ್ಲುತ್ತದೆ. ಮೈಯಲ್ಲಿ ಬಾವು, ಸೋಂಕು ಇದ್ದಾಗಲೂ ಹೀಗೇ ಆಗುತ್ತದೆ. ದೀರ್ಘ ಕಾಯಿಲೆಯವರಿಗೆ ಐರನ್ ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರದಿರುವುದಕ್ಕೆ ಒಂದು ದೊಡ್ಡ ಕಾರಣ ಇದು.

ಮೆದುಳಿಗೆ ಇನ್ನೊಂದು ಪಹರೆ ಇದೆ. ಅಲ್ಲಿನ ರಕ್ತನಾಳಗಳ ಗೋಡೆ ಬೇರೆ ಕಡೆಗಿಂತ ಬಿಗಿ. ರಕ್ತದಲ್ಲಿ ಇರುವುದೆಲ್ಲ ಸುಮ್ನೆ ಒಳಗೆ ನುಸುಳುವುದಿಲ್ಲ. ಕಬ್ಬಿಣ ಹೊತ್ತ ಟ್ರಾನ್ಸ್‌ಫೆರಿನ್ ಆ ಗೋಡೆಯ ಕೋಶಗಳಿಗೆ ಅಂಟಿ, ಅವು ಬೇಕು ಅಂದಷ್ಟು ಮಾತ್ರ ಒಳಗೆ ಹೋಗುತ್ತದೆ. ಹುಟ್ಟಿನಿಂದಲೇ ರಕ್ತ ಸರಿಯಾಗಿ ಕಟ್ಟದ ಥಲಸ್ಸೀಮಿಯಾ ಕಾಯಿಲೆಯ ಮಕ್ಕಳನ್ನು ನೋಡಿ. ತಿಂಗಳು ತಿಂಗಳು ರಕ್ತ ಹಾಕಿಸಿಕೊಂಡು ಅವರ ಮೈಯಲ್ಲಿ ಕಬ್ಬಿಣ ವಿಪರೀತ ತುಂಬುತ್ತದೆ. ಏಟು ಬೀಳುವುದು ಲಿವರ್‌ಗೆ, ಹೃದಯಕ್ಕೆ, ಹಾರ್ಮೋನ್ ಗ್ರಂಥಿಗಳಿಗೆ. ಅವಕ್ಕೆ ಹೋಲಿಸಿದರೆ ಮೆದುಳು ಬಹಳ ಮಟ್ಟಿಗೆ ಪಾರಾಗುತ್ತದೆ. ಅಂಥವರ ಮೆದುಳಿಗೇ ಹಾಗೆ ನುಗ್ಗದ ಕಬ್ಬಿಣ, ಎಚ್‌ಬಿ 9.2 ಇರುವ ನಿಮ್ಮ ತಂದೆಯವರಿಗೆ ಎರಡು ತಿಂಗಳ ಮಾತ್ರೆಯಿಂದ ನುಗ್ಗಿತು ಅನ್ನುವುದು ಆಗದ ಮಾತು.

ಹಾಗಾದರೆ ಎಂಆರ್‌ಐನಲ್ಲಿ ಕಂಡದ್ದು ಏನು? ಕಬ್ಬಿಣವೇ. ವರದಿ ಸುಳ್ಳಲ್ಲ. ಎಲ್ಲರ ಮೆದುಳಲ್ಲೂ ಕಬ್ಬಿಣ ಇದೆ, ಇರಲೇಬೇಕು. 1958ರಲ್ಲಿ ಸ್ವೀಡನ್‌ನ ಹಾಲ್‌ಗ್ರೆನ್ ಮತ್ತು ಸೌರಾಂಡರ್ ಅನ್ನುವವರು ತೀರಿಕೊಂಡವರ ಮೆದುಳಿನ ಬೇರೆ ಬೇರೆ ಭಾಗಗಳಲ್ಲಿ ಕಬ್ಬಿಣ ಅಳೆದರು. ಹುಟ್ಟಿದಾಗ ಬಹಳ ಕಡಿಮೆ. ಸುಮಾರು ಮೂವತ್ತು ವರ್ಷದವರೆಗೆ ಬೇಗ ಬೇಗ ಏರುತ್ತದೆ, ಆಮೇಲೆ ನಿಧಾನ. ಅತಿ ಹೆಚ್ಚು ಸಿಕ್ಕಿದ್ದು ಗ್ಲೋಬಸ್ ಪ್ಯಾಲಿಡಸ್ ಅನ್ನುವ ಜಾಗದಲ್ಲಿ, 100 ಗ್ರಾಂಗೆ ಸುಮಾರು 21 ಮಿಲಿಗ್ರಾಂ. ಈ ಜಾಗವೂ, ಅದರ ನೆರೆಯ ಸಬ್‌ಸ್ಟ್ಯಾನ್ಷಿಯಾ ನೈಗ್ರಾ, ಪುಟಾಮೆನ್ ಇವೂ ನಮ್ಮ ಚಲನೆಯನ್ನು ನಡೆಸುವ ಭಾಗಗಳು. ಕೈ ಎತ್ತುವುದು, ಹೆಜ್ಜೆ ಇಡುವುದು, ಅಕ್ಷರ ಬರೆಯುವುದು ಎಲ್ಲಕ್ಕೂ ಇವು ಬೇಕು. ಮೆದುಳಿನಲ್ಲಿ ಕಬ್ಬಿಣ ಹೆಚ್ಚು ಇರುವ ಜಾಗವೂ ಇದೇ, ಚಲನೆಯ ಕಾಯಿಲೆಗಳು ಹುಟ್ಟುವ ಜಾಗವೂ ಇದೇ. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ಕಬ್ಬಿಣ ಇರುವ ಜಾಗ ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತದೆ. 67ರ ವಯಸ್ಸಿನ ಯಾರ ಎಂಆರ್‌ಐ ತೆಗೆದರೂ ಗ್ಲೋಬಸ್ ಪ್ಯಾಲಿಡಸ್ ಕಪ್ಪಗೇ ಕಾಣುತ್ತದೆ. ಅದು ವಯಸ್ಸಿನ ಗುರುತು. ಪಾರ್ಕಿನ್ಸನ್‌ನಲ್ಲಿ ನಾವು ನೋಡುವುದು ಅದಕ್ಕಿಂತ ಕೆಳಗೆ, ಸಬ್‌ಸ್ಟ್ಯಾನ್ಷಿಯಾ ನೈಗ್ರಾದ ಹಿಂಭಾಗದ ಒಂದು ಸಣ್ಣ ಜಾಗ. ಆರೋಗ್ಯವಾಗಿದ್ದವರಲ್ಲಿ ಅಲ್ಲಿ ಎರಡು ಕಪ್ಪು ಗೆರೆಗಳ ನಡುವೆ ಒಂದು ಬಿಳಿ ಗೆರೆ ಇರುತ್ತದೆ. ಬಾನಾಡಿ ಹಕ್ಕಿಯ ಕವಲು ಬಾಲದ ಆಕಾರ. ಪಾರ್ಕಿನ್ಸನ್ ಬಂದವರಲ್ಲಿ ಆ ಬಿಳಿ ಗೆರೆ ಮಾಯವಾಗಿ ಎಲ್ಲ ಒಂದೇ ಕಪ್ಪಾಗುತ್ತದೆ. ಇದು ಕಾಣಬೇಕಾದರೆ ಯಂತ್ರ ಒಳ್ಳೆಯದಿರಬೇಕು, ಎಸ್‌ಡಬ್ಲ್ಯೂಐ ಅನ್ನುವ ವಿಧಾನದಲ್ಲಿ ತೆಗೆದಿರಬೇಕು. ಹೀಗಾಗಿ ವರದಿಯ ಒಂದು ಸಾಲು ಓದಿ ಯಾರೂ ಏನೂ ತೀರ್ಮಾನ ಮಾಡಬಾರದು. ಯಾವ ಜಾಗದಲ್ಲಿ, ಎಷ್ಟು, ವಯಸ್ಸಿಗೆ ತಕ್ಕಷ್ಟೇ ಇದೆಯಾ ಅನ್ನುವುದನ್ನು ಚಿತ್ರ ನೋಡಿಯೇ ಹೇಳಬೇಕು.

ಪಾರ್ಕಿನ್ಸನ್‌ನಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾದಲ್ಲಿ ಕಬ್ಬಿಣ ಹೆಚ್ಚಿರುತ್ತದೆ ಅನ್ನುವುದು 1980ರ ದಶಕದ ಕೊನೆಯಿಂದ ಗಟ್ಟಿಯಾಗಿ ತಿಳಿದಿದೆ. ಅದು ಅಲ್ಲಿ ಏನು ಮಾಡುತ್ತದೆ? ಒಳ್ಳೆಯದನ್ನೂ ಮಾಡುತ್ತದೆ, ಕೆಟ್ಟದ್ದನ್ನೂ ಮಾಡುತ್ತದೆ. ಚಲನೆಗೆ ಬೇಕಾದ ಡೋಪಮೈನ್ ಅನ್ನುವ ಮೆದುಳಿನ ರಾಸಾಯನಿಕವನ್ನು ತಯಾರಿಸುವ ಕಿಣ್ವ ಇದೆ, ಟೈರೋಸಿನ್ ಹೈಡ್ರಾಕ್ಸಿಲೇಸ್ ಅಂತ. ಕಬ್ಬಿಣ ಇಲ್ಲದೆ ಅದು ಕೆಲಸವನ್ನೇ ಮಾಡುವುದಿಲ್ಲ. ಪಾರ್ಕಿನ್ಸನ್ ಅಂದರೆ ಡೋಪಮೈನ್ ಕೊರತೆ ಅಲ್ವಾ? ಅಂದರೆ ಕಬ್ಬಿಣ ತೀರಾ ಕಡಿಮೆಯಾದರೆ ಇರುವ ಚೂರುಪಾರು ಡೋಪಮೈನ್‌ಗೂ ಕುತ್ತು. ಕೆಟ್ಟದ್ದು ಏನೆಂದರೆ, ಯಾವ ಪ್ರೋಟೀನೂ ಹಿಡಿದಿಟ್ಟುಕೊಳ್ಳದ ಬಿಡಿ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಕೋಶವನ್ನು ಸುಡುವ ರಾಸಾಯನಿಕ ಹುಟ್ಟಿಸುತ್ತದೆ. ಫೆಂಟನ್ ಅನ್ನುವ ರಸಾಯನಶಾಸ್ತ್ರಜ್ಞರು ಈ ಕ್ರಿಯೆಯನ್ನು 1894ರಲ್ಲೇ ಬರೆದಿಟ್ಟಿದ್ದರು. ಕಬ್ಬಿಣದಿಂದ ಕೋಶದ ಕೊಬ್ಬಿನ ಪೊರೆ ಕೆಟ್ಟು ಕೋಶ ಸಾಯುವ ಒಂದು ಬಗೆಗೆ 2012ರಲ್ಲಿ ಫೆರಾಪ್ಟೋಸಿಸ್ ಅಂತ ಹೆಸರಿಟ್ಟರು. ಪಾರ್ಕಿನ್ಸನ್‌ನಲ್ಲಿ ಇದರ ಪಾತ್ರ ಇದೆ ಅಂತ ಬಹಳ ಜನ ಸಂಶೋಧಕರು ನಂಬುತ್ತಾರೆ.

ಹಾಗಿದ್ದ ಮೇಲೆ ಕಬ್ಬಿಣ ತೆಗೆದರೆ ಕಾಯಿಲೆ ನಿಲ್ಲಬೇಕಲ್ಲ? ನಿಮ್ಮ ಪ್ರಶ್ನೆಯೂ ಇದೇ. ನಿಮಗೆ ಯಾರೋ ಹೇಳಿರುವ ಮಾತ್ರೆ ಡೆಫೆರಿಪ್ರೋನ್ ಇರಬೇಕು. ಥಲಸ್ಸೀಮಿಯಾದವರಿಗೆ ಕೊಡುವ ಔಷಧಿ. ಇದು ಮೆದುಳಿನೊಳಗೂ ಹೋಗುತ್ತದೆ. ಸಣ್ಣ ಪ್ರಯೋಗವೊಂದರಲ್ಲಿ ಆಸೆ ಹುಟ್ಟಿತು. ಆಮೇಲೆ ಯುರೋಪಿನಲ್ಲಿ ದೊಡ್ಡದಾಗಿ ಮಾಡಿದರು. ಹೊಸದಾಗಿ ಪಾರ್ಕಿನ್ಸನ್ ಪತ್ತೆಯಾದ, ಲಿವೋಡೋಪಾ ಇನ್ನೂ ಶುರು ಮಾಡದ 372 ಜನ. ಅರ್ಧ ಜನಕ್ಕೆ ಡೆಫೆರಿಪ್ರೋನ್, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ. 36 ವಾರ. ಫಲಿತಾಂಶ 2022ರ ಡಿಸೆಂಬರ್‌ನಲ್ಲಿ ಬಂತು. ಎಂಆರ್‌ಐನಲ್ಲಿ ಆ ಜಾಗದ ಕಬ್ಬಿಣ ನಿಜವಾಗಿಯೂ ಇಳಿದಿತ್ತು. ರೋಗಿಗಳು ಮಾತ್ರ ಕೆಟ್ಟಿದ್ದರು. ಕಾಯಿಲೆಯ ಅಂಕ ಡೆಫೆರಿಪ್ರೋನ್ ತೆಗೆದುಕೊಂಡವರಲ್ಲಿ 15.6 ಏರಿತು, ಉಳಿದವರಲ್ಲಿ 6.3. ಈ ಅಂಕ ಏರಿದಷ್ಟೂ ಕೆಟ್ಟದ್ದು. ನಡುವೆಯೇ ಡೋಪಮೈನ್ ಔಷಧಿ ಶುರು ಮಾಡಬೇಕಾಗಿ ಬಂದವರು ಡೆಫೆರಿಪ್ರೋನ್ ಕಡೆ ನೂರಕ್ಕೆ 22, ಇನ್ನೊಂದು ಕಡೆ ನೂರಕ್ಕೆ ಮೂವರೂ ಇಲ್ಲ. ಕೆಲವರಿಗೆ ರಕ್ತದ ಬಿಳಿ ಕಣಗಳು ಕುಸಿದವು.

ಯಾಕೆ ಹೀಗಾಯಿತು ಅನ್ನುವುದಕ್ಕೆ ಹೆಚ್ಚು ಒಪ್ಪುವಂಥ ವಿವರಣೆ ಮೇಲಿನದ್ದೇ. ಡೋಪಮೈನ್ ತಯಾರಿಸುವ ಕಿಣ್ವಕ್ಕೆ ಬೇಕಾದ ಕಬ್ಬಿಣವನ್ನೂ ಔಷಧಿ ಕಿತ್ತುಕೊಂಡಿತು. ಈ ಫಲಿತಾಂಶ ಓದಿದ ದಿನದಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಕೂತಿದೆ. ಮೆದುಳಿನ ಕಬ್ಬಿಣದಲ್ಲಿ ಎಷ್ಟಿದೆ ಅನ್ನುವುದಕ್ಕಿಂತ, ಎಲ್ಲಿದೆ, ಯಾರ ಹಿಡಿತದಲ್ಲಿದೆ ಅನ್ನುವುದೇ ಮುಖ್ಯ. ಒಂದೇ ಕೋಶದೊಳಗೆ ಒಂದು ಮೂಲೆಯಲ್ಲಿ ಜಾಸ್ತಿ, ಇನ್ನೊಂದು ಮೂಲೆಯಲ್ಲಿ ಕಡಿಮೆ ಇರಬಹುದು. ಅದನ್ನು ಸಾರಾಸಗಟಾಗಿ ಬಳಿದು ತೆಗೆದರೆ ಬೇಕಾದದ್ದೂ ಹೋಗುತ್ತದೆ. ಹೀಗಾಗಿ ನಿಮ್ಮ ತಂದೆಯವರಿಗೆ ಕಬ್ಬಿಣ ತೆಗೆಯುವ ಮಾತ್ರೆ ಬೇಡ. ಅದರಲ್ಲೂ ಎಚ್‌ಬಿ 9.2 ಇರುವಾಗ ಖಂಡಿತ ಬೇಡ. ಪುಡಿ, ಭಸ್ಮ, ಹನಿ ಅಂತ ಲೋಹ ತೆಗೆಯುವ ಯಾವುದನ್ನೂ ತರಿಸಬೇಡಿ.

ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ಮುಖ್ಯ ಅನ್ನುವ ಮಾತಿಗೆ ಅತ್ಯಂತ ಬಲವಾದ ಸಾಕ್ಷಿ ಒಂದು ಅಪರೂಪದ ಕಾಯಿಲೆ. ಜಪಾನಿನಲ್ಲಿ 1987ರಲ್ಲಿ ಮೊದಲು ಗುರುತಿಸಿದ್ದು. ಸೆರುಲೋಪ್ಲಾಸ್ಮಿನ್ ಅನ್ನುವ ಪ್ರೋಟೀನ್ ಇವರ ಮೈಯಲ್ಲಿ ಹುಟ್ಟುವುದಿಲ್ಲ. ಕಬ್ಬಿಣ ಕೋಶದಿಂದ ಹೊರಬಂದು ಟ್ರಾನ್ಸ್‌ಫೆರಿನ್ ಏರಬೇಕಾದರೆ ಇದರ ಸಹಾಯ ಬೇಕು. ಅದಿಲ್ಲದೆ ಕಬ್ಬಿಣ ಕೋಶಗಳಲ್ಲೇ ಸಿಕ್ಕಿಬೀಳುತ್ತದೆ. ಇವರ ರಕ್ತ ಪರೀಕ್ಷೆ ಮಾಡಿದರೆ ಕಬ್ಬಿಣ ಕಡಿಮೆ, ಸ್ವಲ್ಪ ರಕ್ತಹೀನತೆ. ಲಿವರ್, ಮೇದೋಜ್ಜೀರಕ ಗ್ರಂಥಿ, ಮೆದುಳಿನಲ್ಲಿ ಮಾತ್ರ ಕಬ್ಬಿಣ ತುಂಬಿರುತ್ತದೆ. ಸಕ್ಕರೆ ಕಾಯಿಲೆ, ಕಣ್ಣಿನ ತೊಂದರೆ, ಆಮೇಲೆ ನಡುಕ, ತೂರಾಡುವ ನಡಿಗೆ. ಒಬ್ಬನೇ ಮನುಷ್ಯನ ರಕ್ತದಲ್ಲಿ ಕೊರತೆ, ಮೆದುಳಲ್ಲಿ ಹೊರೆ. ರಕ್ತದ ಲೆಕ್ಕ ಬೇರೆ, ಮೆದುಳಿನ ಲೆಕ್ಕ ಬೇರೆ ಅನ್ನುವುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೆದುಳಿನಲ್ಲಿ ಕಬ್ಬಿಣ ತುಂಬುವ ಇಂಥ ವಂಶವಾಹಿ ಕಾಯಿಲೆಗಳು ಹತ್ತಕ್ಕಿಂತ ಹೆಚ್ಚು ಇವೆ. ಎಲ್ಲ ಸೇರಿದರೂ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ. ಅವುಗಳಲ್ಲಿ ಹೆಚ್ಚು ಕಾಣುವುದು ಪಿಕೆಎಎನ್. ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ ಬರುತ್ತದೆ. ಪಾದ ಒಳಗೆ ತಿರುಚುತ್ತದೆ, ಮಾತು ತೊದಲುತ್ತದೆ, ಮಗು ಪದೇ ಪದೇ ಬೀಳುತ್ತದೆ. ಎಂಆರ್‌ಐನಲ್ಲಿ ಕಪ್ಪು ಗ್ಲೋಬಸ್ ಪ್ಯಾಲಿಡಸ್ ನಡುವೆ ಬೆಳ್ಳನೆಯ ಚುಕ್ಕಿ ಕಾಣುತ್ತದೆ, ಹುಲಿಗಣ್ಣು ಅಂತ ಕರೆಯುತ್ತೇವೆ. 2001ರಲ್ಲಿ ಇದರ ಜೀನ್ ಸಿಕ್ಕಿತು. ಅದರ ಕೆಲಸ ಬಿ5 ವಿಟಮಿನ್‌ನಿಂದ ಕೋಎನ್‌ಜೈಮ್ ಎ ತಯಾರಿಸುವುದು. ಕಬ್ಬಿಣಕ್ಕೂ ಅದಕ್ಕೂ ನೇರ ಸಂಬಂಧವೇ ಇಲ್ಲ. ಇಲ್ಲೂ ಡೆಫೆರಿಪ್ರೋನ್ ಪ್ರಯೋಗ ನಡೆಯಿತು. 88 ಜನ, 18 ತಿಂಗಳು, 2019ರಲ್ಲಿ ಫಲಿತಾಂಶ. ಕಬ್ಬಿಣ ಇಳಿಯಿತು, ಆದರೆ ರೋಗಿಗಳಲ್ಲಿ ಕಂಡ ವ್ಯತ್ಯಾಸ ಔಷಧಿಯಿಂದಲೇ ಬಂತು ಅನ್ನುವಷ್ಟು ದೊಡ್ಡದಿರಲಿಲ್ಲ. ಇದೇ 2001ರಲ್ಲಿ ಇಂಗ್ಲೆಂಡಿನ ಕಂಬ್ರಿಯಾದ ಕುಟುಂಬಗಳಲ್ಲಿ ಫೆರಿಟಿನ್‌ನ ಜೀನ್‌ನಲ್ಲೇ ದೋಷ ಸಿಕ್ಕಿತು. ಅಲ್ಲಿ ಕಬ್ಬಿಣವೇ ಮೂಲ ಕಾರಣ. ಎಂಆರ್‌ಐ ಚಿತ್ರದಲ್ಲಿ ಎಲ್ಲವೂ ಕಪ್ಪೇ. ಒಂದರಲ್ಲಿ ಕಬ್ಬಿಣ ಕಾರಣ, ಇನ್ನೊಂದರಲ್ಲಿ ಪರಿಣಾಮ.

ನಿಮಗೂ ಬರುತ್ತಾ ಅಂತ ಕೇಳಿದ್ದೀರಿ. 64ರಲ್ಲಿ ಶುರುವಾದ, ಸಿಂಡೋಪಾಗೆ ಚೆನ್ನಾಗಿ ಬಗ್ಗಿದ ಪಾರ್ಕಿನ್ಸನ್ ಬಹುತೇಕ ಮಕ್ಕಳಿಗೆ ಬರುವುದಿಲ್ಲ. ನೀವು ಜೀನ್ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲ. ಆದರೆ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಲವತ್ತರ ಒಳಗೆ ನಡುಕ, ಸೆಳೆತ, ಕೈಕಾಲು ತಿರುಚುವುದು ಶುರುವಾದರೆ, ಅದರಲ್ಲೂ ತಂದೆ ತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರಾದರೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಒಮ್ಮೆ ತೋರಿಸಲೇಬೇಕು. ನಮ್ಮ ಕಡೆ ಅಕ್ಕನ ಮಗಳನ್ನು, ಅತ್ತೆ ಮಗಳನ್ನು ತಂದುಕೊಳ್ಳುವುದು ಇನ್ನೂ ಇದೆ. ಇಬ್ಬರಲ್ಲೂ ಒಂದೇ ದೋಷದ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮುಖ್ಯವಾಗಿ ವಿಲ್ಸನ್ ಕಾಯಿಲೆ ತಪ್ಪಿಸಿಕೊಳ್ಳಬಾರದು. ಅದು ತಾಮ್ರದ ಕಾಯಿಲೆ. ಬೇಗ ಹಿಡಿದರೆ ಪೆನಿಸಿಲಮೈನ್, ಸತುವಿನ ಮಾತ್ರೆಯಿಂದ ಹುಡುಗರು ಎದ್ದು ಓಡಾಡುತ್ತಾರೆ, ಕಾಲೇಜಿಗೆ ಹೋಗುತ್ತಾರೆ. ಬಿಟ್ಟರೆ ಲಿವರ್, ಮೆದುಳು ಎರಡೂ ಹೋಗುತ್ತವೆ. ಇದೊಂದನ್ನು ಪತ್ತೆ ಮಾಡಲು ತಡವಾದಾಗ ಆಗುವಷ್ಟು ಸಂಕಟ ನನಗೆ ಬೇರೆ ಯಾವುದರಲ್ಲೂ ಆಗುವುದಿಲ್ಲ.

ಗಣಿ ವಿಷಯ. ಕಬ್ಬಿಣದ ಅದಿರಿನ ಧೂಳು ಕೂರುವುದು ಶ್ವಾಸಕೋಶದಲ್ಲಿ. ಅದರಿಂದ ಪಾರ್ಕಿನ್ಸನ್ ಬಂತು ಅನ್ನಲು ಆಧಾರ ಇಲ್ಲ. ನಾನು ಕೇಳುವ ಪ್ರಶ್ನೆ ಬೇರೆ. ಅದಿರು ಕಬ್ಬಿಣದ್ದೋ ಮ್ಯಾಂಗನೀಸ್‌ದೋ? ಚಿತ್ರದುರ್ಗ ಸೀಮೆಯ ಗುಡ್ಡಗಳಲ್ಲಿ ಎರಡೂ ಇವೆ. ಮ್ಯಾಂಗನೀಸ್ ಧೂಳು, ಹೊಗೆ ವರ್ಷಗಟ್ಟಲೆ ಉಸಿರಿಗೆ ಹೋದರೆ ಮೆದುಳಿಗೆ ಪೆಟ್ಟು. ಸ್ಕಾಟ್ಲೆಂಡಿನ ಕೂಪರ್ ಅನ್ನುವ ವೈದ್ಯರು ಇದನ್ನು 1837ರಲ್ಲೇ ಅದಿರು ಪುಡಿ ಮಾಡುವ ಕೆಲಸಗಾರರಲ್ಲಿ ಕಂಡು ಬರೆದಿದ್ದಾರೆ. ಅದು ಪಾರ್ಕಿನ್ಸನ್‌ನಂತೆಯೇ ಕಂಡರೂ ಬೇರೆ. ನಡುಕ ಕಡಿಮೆ, ಬೀಳುವುದು ಜಾಸ್ತಿ, ತುದಿಗಾಲಲ್ಲಿ ಕೋಳಿಯ ಹಾಗೆ ನಡೆಯುತ್ತಾರೆ, ಸಿಂಡೋಪಾ ಅಷ್ಟಾಗಿ ಹತ್ತುವುದಿಲ್ಲ. ನಿಮ್ಮ ತಂದೆಯವರಿಗೆ ಮೂರು ವರ್ಷ ಸಿಂಡೋಪಾ ಚೆನ್ನಾಗಿ ಹತ್ತಿದೆ. ಹಾಗಾಗಿ ಇದು ಪಾರ್ಕಿನ್ಸನ್ನೇ ಇರಬೇಕು.

ಇಲ್ಲಿ ಒಂದು ವಿಷಯ ಗಣಿ ಕೆಲಸದವರಿಗೂ, ಹರಿಹರ, ದಾವಣಗೆರೆಯ ವೆಲ್ಡಿಂಗ್ ಹುಡುಗರಿಗೂ ಗೊತ್ತಿರಬೇಕು. ಕರುಳಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಒಂದೇ ದಾರಿಯಲ್ಲಿ ಒಳಗೆ ಹೋಗುತ್ತವೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಆ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ, ಮ್ಯಾಂಗನೀಸ್‌ಗೂ ಅನುಕೂಲವಾಗುತ್ತದೆ. ಅಂದರೆ ಕಬ್ಬಿಣದ ಕೊರತೆ ಇರುವವರಿಗೆ ಮ್ಯಾಂಗನೀಸ್ ಹೆಚ್ಚು ಸೇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಮಾಸ್ಕ್ ಇಲ್ಲದೆ ವೆಲ್ಡಿಂಗ್ ಮಾಡುವವರು ವರ್ಷಕ್ಕೊಮ್ಮೆಯಾದರೂ ಎಚ್‌ಬಿ ನೋಡಿಸಿಕೊಳ್ಳಿ.

ಕಬ್ಬಿಣ ಕಡಿಮೆಯಾದರೂ ಚಲನೆಯ ತೊಂದರೆ ಬರುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ರಾತ್ರಿ ಮಲಗಿದ ಕೂಡಲೇ ಕಾಲೊಳಗೆ ಏನೋ ಹರಿದಾಡಿದ ಹಾಗೆ, ಆಡಿಸದೆ ಇರಲಾಗದು, ಎದ್ದು ಓಡಾಡಿದರೆ ಮಾತ್ರ ಸಮಾಧಾನ. ಬಸುರಿಯರು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳು ಇದನ್ನು ಬಹಳ ಹೇಳುತ್ತಾರೆ. ಪಾರ್ಕಿನ್ಸನ್ ಇದ್ದವರಿಗೂ ಬರುತ್ತದೆ. ಇಂಥವರ ಮೆದುಳಿನಲ್ಲಿ ಕಬ್ಬಿಣ ಸಾಲದು. ಎಚ್‌ಬಿ ಸರಿಯಿದ್ದರೂ ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ 75ಕ್ಕಿಂತ ಕೆಳಗಿದ್ದರೆ ಐರನ್ ಕೊಡಬೇಕು ಅನ್ನುವುದು ಈಗಿನ ಪದ್ಧತಿ. ನಿಮ್ಮ ತಂದೆಯವರಿಗೆ ರಾತ್ರಿ ಇಂಥ ಕಾಟ ಇದೆಯಾ ಕೇಳಿ ನೋಡಿ. ಕೇಳದಿದ್ದರೆ ಹಿರಿಯರು ತಾವಾಗಿ ಹೇಳುವುದಿಲ್ಲ.

ನಿಮ್ಮ ಅಮ್ಮನಿಗೆ ಹೇಳಿ, ಬಾಣಲೆ ಅಟ್ಟದಿಂದ ಇಳಿಸಲಿ. ಕಬ್ಬಿಣದ ಪಾತ್ರೆಯಲ್ಲಿ ಹುಳಿ ಹಾಕಿ ಬೇಯಿಸಿದಾಗ ಸ್ವಲ್ಪ ಕಬ್ಬಿಣ ಅಡುಗೆಗೆ ಸೇರುತ್ತದೆ, ಅದು ಒಳ್ಳೆಯದೇ. ಸೊಪ್ಪು, ರಾಗಿ ಮುದ್ದೆ, ಕಾಳು ಎಲ್ಲ ಕೊಡಲಿ. ರಾಗಿಯಲ್ಲಿ 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಕಬ್ಬಿಣ ಇದೆ. ಅದರಲ್ಲಿ ಮೈಗೆ ಹತ್ತುವುದು ಸಣ್ಣ ಪಾಲು. ಊಟದ ಕಬ್ಬಿಣದಿಂದ ಮೆದುಳು ತುಂಬಿತು ಅನ್ನುವ ಭಯಕ್ಕೆ ಬುಡವೇ ಇಲ್ಲ. 2013ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಬೇರೆಯದನ್ನೇ ಹೇಳಿತು. ಹುಟ್ಟಿನಿಂದಲೇ ರಕ್ತದಲ್ಲಿ ಕಬ್ಬಿಣ ಸ್ವಲ್ಪ ಹೆಚ್ಚಿರುವ ಜೀನ್ ಇದ್ದವರಿಗೆ ಪಾರ್ಕಿನ್ಸನ್ ಅಪಾಯ ತುಸು ಕಡಿಮೆಯೇ ಇತ್ತು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ತಂದದ್ದು ಎಂಆರ್‌ಐ ಅಲ್ಲ, ಆ 9.2. ಗಂಡಸರಿಗೆ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 67ರ ಗಂಡಸಿಗೆ ಮುಟ್ಟಿಲ್ಲ, ಬಸಿರಿಲ್ಲ. ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ? ಮಂಡಿನೋವಿಗೆ ಮಾತ್ರೆ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿದೆಯಾ? ಮೂಲವ್ಯಾಧಿಯಾ? ಬರಿಗಾಲಲ್ಲಿ ಹೊಲಕ್ಕೆ ಹೋಗಿ ಕೊಕ್ಕೆಹುಳ ಸೇರಿದೆಯಾ? ಕರುಳಿನಲ್ಲಿ ಗಡ್ಡೆ ಇದೆಯಾ? ಅಥವಾ ಕೊರತೆ ಬಿ12ದಾ? ಇದನ್ನು ಹುಡುಕದೆ ಬರೀ ಐರನ್ ಕೊಡುತ್ತಾ ಹೋದರೆ ಎಚ್‌ಬಿ ಸ್ವಲ್ಪ ಏರುತ್ತದೆ, ಕಾರಣ ಒಳಗೇ ಬೆಳೆಯುತ್ತದೆ. ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಬಿ12, ಮಲದಲ್ಲಿ ರಕ್ತದ ಪರೀಕ್ಷೆ ಇವನ್ನು ಈ ವಾರವೇ ಮಾಡಿಸಿ. ಫೆರಿಟಿನ್ 30ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆ ಖಚಿತ. ಆಗ ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡರ ಬಗ್ಗೆಯೂ ಡಾಕ್ಟರ್ ಹತ್ತಿರ ಮಾತಾಡಿ. ಮೈಯಲ್ಲಿ ಬಾವು ಇದ್ದರೆ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಹಾಗಾಗಿ 60, 70 ಬಂತು ಅಂತ ಕೈಬಿಡಬೇಡಿ.

ಇನ್ನೊಂದು. ಗ್ಯಾಸ್ಟ್ರಿಕ್‌ಗೆ ಅಂತ ಯಾವ ಮಾತ್ರೆ ಕೊಡುತ್ತಿದ್ದೀರಿ ನೋಡಿ. ಲಿವೋಸಲ್ಪಿರೈಡ್, ಮೆಟೊಕ್ಲೋಪ್ರಮೈಡ್ ಇದ್ದರೆ ಅದೂ ನಡುಕ ಹೆಚ್ಚಿಸುತ್ತದೆ. ತಲೆಸುತ್ತಿಗೆ ಕೊಡುವ ಸಿನರಿಜಿನ್ ಕೂಡ. ಪಾರ್ಕಿನ್ಸನ್ ಇದ್ದವರಿಗೆ ಇವು ಮೂರೂ ಬೇಡ.

ಎರಡು ವಾರ ಐರನ್ ಬೇರೆ ಹೊತ್ತಿಗೆ ಕೊಟ್ಟು ನೋಡಿ. ನಡುಕ, ಬಿಗಿತ ಹಿಂದಿನ ಮಟ್ಟಕ್ಕೆ ಬಂದರೆ ಸಿಂಡೋಪಾ ಹೆಚ್ಚಿಸುವ ಪ್ರಮೇಯವೇ ಇಲ್ಲ. ಬರದಿದ್ದರೆ ನಿಮ್ಮ ನರರೋಗ ತಜ್ಞರ ಹತ್ತಿರ ಹೋಗಿ. ಹೋಗುವಾಗ ವರದಿಯ ಹಾಳೆ ಸಾಲದು, ಎಂಆರ್‌ಐ ಸಿಡಿಯನ್ನೇ ಒಯ್ಯಿರಿ. ಮನೆಯಲ್ಲಿ ಕೊಡುತ್ತಿರುವ ಎಲ್ಲ ಮಾತ್ರೆ, ಟಾನಿಕ್ ಬಾಟಲಿ ಸಮೇತ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಯಾವುದು ಎಷ್ಟು ಗಂಟೆಗೆ ಅಂತ ಬರೆದುಕೊಂಡಿರಿ.